ಟವರ್ ಪಕ್ಕದ ಕಂಪ್ಯೂಟರಿಗೆ ಬಿಲ್ ಹಾಕುವ ವಿಧಾನ: ಇದಕ್ಕೆ ಪೇಟೆಂಟ್ ಸಿಗುತ್ತಾ?

ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮುಗಿಸಿ ಪೇಟೆಂಟ್ ಅರ್ಜಿ ಹಾಕುವುದು ಈಗ ಹೊಸ ಸುದ್ದಿಯೇನಲ್ಲ. 5ಜಿ, ಎಡ್ಜ್ ಕಂಪ್ಯೂಟಿಂಗ್ ಕಡೆಗೆ ಮಕ್ಕಳ ಒಲವು ಜಾಸ್ತಿ. ಅರ್ಜಿ ಹಾಕಿ ಕೆಲವು ಕಾಲವಾದ ಮೇಲೆ ಪೇಟೆಂಟ್ ಆಫೀಸಿನಿಂದ ಒಂದು ವರದಿ ಬರುತ್ತದೆ. ಬಿಲ್ಲಿಂಗ್‌ಗೆ ಸಂಬಂಧಪಟ್ಟ ಅರ್ಜಿಯಾದರೆ ಅದರಲ್ಲಿ ಒಂದು ಸಾಲು ಇದ್ದೇ ಇರುತ್ತದೆ ಎನ್ನಬಹುದು: ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಇದಕ್ಕೆ ಪೇಟೆಂಟ್ ಕೊಡಲು ಬರುವುದಿಲ್ಲ.

ಆ ಸಾಲು ಓದಿದ ಕೂಡಲೇ ಎಷ್ಟೋ ಜನ ಫೈಲ್ ಮುಚ್ಚಿಡುತ್ತಾರೆ. ಕೆಲಸ ಚೆನ್ನಾಗಿದ್ದೂ ಉತ್ತರ ಕೊಡದೆ ಬಿಡುವುದು ನಿಜಕ್ಕೂ ನಷ್ಟ. ಆ ವರದಿ ಕೊನೆಯ ತೀರ್ಪಲ್ಲ, ಅದೊಂದು ಪ್ರಶ್ನೆ. ಪ್ರಶ್ನೆ ಏನು ಅಂತ ಅರ್ಥವಾಗಬೇಕಾದರೆ ಮೊದಲು ಎಡ್ಜ್ ಅಂದರೇನು, ಅದಕ್ಕೆ ಬಿಲ್ ಹಾಕುವುದು ಯಾಕೆ ಕಷ್ಟ ಅನ್ನೋದು ಗೊತ್ತಿರಬೇಕು.

## ಎಡ್ಜ್ ಕಂಪ್ಯೂಟಿಂಗ್ ಅಂದರೆ

ನಿಮ್ಮ ಫೋನಿನಿಂದ ಹೊರಟ ಮಾಹಿತಿ ಟವರ್ ಸೇರುತ್ತದೆ. ಅಲ್ಲಿಂದ ಮೊಬೈಲ್ ಕಂಪನಿಯ ಮುಖ್ಯ ಜಾಲಕ್ಕೆ, ಅಲ್ಲಿಂದ ಎಲ್ಲೋ ದೂರದ ಡೇಟಾ ಸೆಂಟರ್‌ಗೆ. ಉತ್ತರ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಫೈಬರ್ ಕೇಬಲ್ಲಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಡೇಟಾ ಸೆಂಟರ್ 1000 ಕಿಲೋಮೀಟರ್ ದೂರದಲ್ಲಿದ್ದರೆ ಹೋಗಿ ಬರುವುದಕ್ಕೇ 10 ಮಿಲಿಸೆಕೆಂಡ್ ಬೇಕು. ದಾರಿಯಲ್ಲಿ ಸಿಗುವ ಯಂತ್ರಗಳ ತಡ ಅದರ ಮೇಲೆ ಸೇರುತ್ತದೆ. ಸಿನಿಮಾ ನೋಡುವವರಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಓಡುವ ವಾಹನಕ್ಕೆ, ಕಾರ್ಖಾನೆಯ ರೋಬಾಟಿಗೆ ಇದು ದೊಡ್ಡ ವಿಷಯ.

ಇದಕ್ಕೆ ಕಂಡುಕೊಂಡ ದಾರಿ, ಚಿಕ್ಕ ಸರ್ವರುಗಳನ್ನು ಟವರಿನ ಹತ್ತಿರ, ಅಥವಾ ಅದೇ ಊರಿನ ಎಕ್ಸ್‌ಚೇಂಜ್ ಕಟ್ಟಡದಲ್ಲಿ ಇಡುವುದು. ಮಂಡ್ಯ ಕಡೆಯವರಿಗೆ ಆಲೆಮನೆ ನೆನಪಿಸಿದರೆ ಸಾಕು. ಕಡಿದ ಕಬ್ಬನ್ನು ಜಾಸ್ತಿ ಹೊತ್ತು ಇಟ್ಟರೆ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಅದಕ್ಕೇ ಗದ್ದೆಯ ಪಕ್ಕದಲ್ಲೇ ಆಲೆಮನೆ ಹಾಕಿ, ಅಲ್ಲೇ ಅರೆದು, ಕಬ್ಬಿನ ಹಾಲು ಕಾಯಿಸಿ, ಬೆಲ್ಲವನ್ನು ಮಾತ್ರ ಮಾರುಕಟ್ಟೆಗೆ ಕಳಿಸುತ್ತಾರೆ. ಎಡ್ಜ್ ಕೂಡ ಹಾಗೇ. ಕ್ಯಾಮೆರಾ ಕಳಿಸುವ ಭಾರಿ ವಿಡಿಯೋ ಕಬ್ಬು. ‘ಗೇಟಿಗೆ ಲಾರಿ ಬಂತು, ಅದರ ನಂಬರ್ ಇದು’ ಎಂಬ ಒಂದು ಸಾಲಿನ ಉತ್ತರ ಬೆಲ್ಲ. ದೂರ ಹೋಗಬೇಕಾದ್ದು ಆ ಸಾಲು ಮಾತ್ರ.

ಯುರೋಪಿನ ದೂರಸಂಪರ್ಕ ಮಾನದಂಡ ಸಂಸ್ಥೆ ಇಟಿಎಸ್‌ಐ ಈ ಕೆಲಸಕ್ಕೆಂದೇ 2014ರ ಕೊನೆಯಲ್ಲಿ ಒಂದು ತಂಡ ಕಟ್ಟಿತು. ಆಗ ಅದರ ಹೆಸರು ‘ಮೊಬೈಲ್ ಎಡ್ಜ್ ಕಂಪ್ಯೂಟಿಂಗ್’. ವೈ-ಫೈ, ಸ್ಥಿರ ಜಾಲಗಳೂ ಸೇರಿದ ಮೇಲೆ ಅದು ‘ಮಲ್ಟಿ-ಆಕ್ಸೆಸ್ ಎಡ್ಜ್ ಕಂಪ್ಯೂಟಿಂಗ್’ ಆಯಿತು. ನಮ್ಮ ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು.

## ಬಿಲ್ ಹಾಕುವುದರಲ್ಲಿ ಏನು ಕಷ್ಟ?

ಮೊದಲು ಮೊಬೈಲ್ ಬಿಲ್ ಅಂದರೆ ನಿಮಿಷದ ಲೆಕ್ಕ. ಆಮೇಲೆ ಜಿಬಿ ಲೆಕ್ಕ ಬಂತು. ಎರಡರಲ್ಲೂ ಎಣಿಸಬೇಕಾದ ವಸ್ತು ಒಂದೇ, ಎಣಿಸುವುದೂ ಕಂಪನಿಯ ಸ್ವಂತ ಜಾಲದ ಒಳಗೇ.

ಎಡ್ಜ್‌ನಲ್ಲಿ ಹಾಗಿಲ್ಲ. ಆಲೆಮನೆಯವನು ಅರೆದ ಕಬ್ಬಿನ ತೂಕಕ್ಕೆ ಹಣ ಕೇಳಬಹುದು, ಗಾಣ ಓಡಿದ ಗಂಟೆಗೆ ಕೇಳಬಹುದು, ಇಳಿದ ಅಚ್ಚು ಬೆಲ್ಲದ ಲೆಕ್ಕದಲ್ಲೂ ಕೇಳಬಹುದು. ಕಬ್ಬು ಅದೇ ಆದರೂ ಮೂರು ಬಿಲ್ ಮೂರು ಥರ ಬರುತ್ತವೆ. ಎಡ್ಜ್ ಸರ್ವರಿನಲ್ಲೂ ಒಳಗೆ ಬಂದ ಮಾಹಿತಿ, ಪ್ರೊಸೆಸರ್ ದುಡಿದ ಹೊತ್ತು, ಹಿಡಿದಿಟ್ಟ ಮೆಮೊರಿ, ಉತ್ತರ ಎಷ್ಟು ಬೇಗ ಬಂತು, ಇಷ್ಟೂ ಎಣಿಕೆಗೆ ಬರುತ್ತವೆ. ಹಣ ಕೊಡುವವರೂ ಒಬ್ಬರೇ ಅಲ್ಲ. ಫೋನ್ ಹಿಡಿದವರು, ಮೊಬೈಲ್ ಕಂಪನಿ, ಆ್ಯಪ್ ಮಾಡಿದವರು, ಸರ್ವರ್ ಇಟ್ಟವರು ಬೇರೆ ಬೇರೆ ಆಗಿರಬಹುದು.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಪ್ರಿಪೇಯ್ಡ್ ಖಾತೆಯಲ್ಲಿ ಹಣವನ್ನು ಒಂದೇ ಸಲ ಕಡಿಯುವುದಿಲ್ಲ. 5ಜಿ ಜಾಲದಲ್ಲಿ ‘ಚಾರ್ಜಿಂಗ್ ಫಂಕ್ಷನ್’ ಎಂಬ ಒಂದು ಭಾಗ ಇದೆ. ಅದು ಬಳಕೆಗೆ ಮುಂಚೆಯೇ ಒಂದಿಷ್ಟು ಪಾಲನ್ನು ತೆಗೆದಿಡುತ್ತದೆ. ಇದಕ್ಕೆ ಕೋಟಾ ಎನ್ನುತ್ತಾರೆ. ಅದು ಮುಗಿದರೆ ಇನ್ನೊಂದು ಪಾಲು. ಉಳಿದರೆ ವಾಪಸ್.

ಈಗ ಒಂದು ಆಂಬುಲೆನ್ಸ್ ಮೈಸೂರಿನಿಂದ ಮಂಡ್ಯದ ಕಡೆ ಹೊರಟಿದೆ ಅಂದುಕೊಳ್ಳಿ. ಒಳಗಿನ ಕ್ಯಾಮೆರಾದ ವಿಡಿಯೋವನ್ನು ಮೈಸೂರಿನ ಎಡ್ಜ್ ಸರ್ವರ್ ವಿಶ್ಲೇಷಿಸುತ್ತಿದೆ. ಖಾತೆಯಲ್ಲಿ 150 ಯೂನಿಟ್ ಇದೆ. ಮೈಸೂರಿನ ಸರ್ವರ್ 100 ಯೂನಿಟ್ ಕೋಟಾ ಪಡೆಯಿತು. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ 60 ಖರ್ಚಾಗಿದೆ. ಅಷ್ಟರಲ್ಲಿ ಕೆಲಸ ಮಂಡ್ಯದ ಸರ್ವರಿಗೆ ಹೋಯಿತು. ಅದೂ 100 ಯೂನಿಟ್ ಕೇಳುತ್ತದೆ. ಹಳೆಯ ಸರ್ವರ್ ಉಳಿದ 40ನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಹಾಗಾಗಿ ಖಾತೆಯಲ್ಲಿ ಕೈಗೆ ಸಿಗುವುದು 50 ಮಾತ್ರ. ನಿಜವಾಗಿ 90 ಇದ್ದರೂ ಅರ್ಧದಾರಿಯಲ್ಲಿ ಸೇವೆ ನಿಲ್ಲಬಹುದು.

ಇನ್ನೊಂದು ತೊಡಕಿದೆ. ಕೆಲಸ ಕೈ ಬದಲಾಗುವಾಗ ತಡೆಯಾಗದಿರಲಿ ಎಂದು ಕೆಲವು ಸೆಕೆಂಡು ಎರಡೂ ಸರ್ವರ್ ಒಟ್ಟಿಗೆ ಓಡಬಹುದು. ಎರಡೂ ತಮ್ಮ ತಮ್ಮ ಲೆಕ್ಕ ಬರೆದರೆ ಒಂದೇ ಕೆಲಸಕ್ಕೆ ಎರಡು ಬಿಲ್. ಎಡ್ಜ್ ಮತ್ತು ಮುಖ್ಯ ಜಾಲದ ನಡುವಿನ ಕೇಬಲ್ ತುಂಡಾದರೆ ಇನ್ನೂ ಫಜೀತಿ. ಆಗ ಎಡ್ಜ್ ತಾನೇ ಎಣಿಸಿಟ್ಟುಕೊಂಡು, ಆಮೇಲೆ ಯಾರೂ ತಿದ್ದಿಲ್ಲ ಎಂದು ನಂಬಿಸುವ ಹಾಗೆ ಒಪ್ಪಿಸಬೇಕು.

ಮೊಬೈಲ್ ಜಾಲದ ಮಾನದಂಡ ಬರೆಯುವ 3ಜಿಪಿಪಿ ಒಕ್ಕೂಟ ತನ್ನ 17ನೇ ಬಿಡುಗಡೆಯಲ್ಲಿ ಎಡ್ಜ್ ಚಾರ್ಜಿಂಗ್‌ಗೆಂದೇ ಒಂದು ದಾಖಲೆ ತಂದಿದೆ. ಅದರ ಸಂಖ್ಯೆ ಟಿಎಸ್ 32.257. ಈ ಸಂಖ್ಯೆ ನೆನಪಿಡಿ, ಮುಂದೆ ಬೇಕಾಗುತ್ತದೆ.

## ಪೇಟೆಂಟ್ ಆಫೀಸಿನಲ್ಲಿ ಅರ್ಜಿ ಹೋಗುವ ದಾರಿ

ಪೇಟೆಂಟ್ ಸಿಕ್ಕರೆ, ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆಯವರು ನಿಮ್ಮ ಒಪ್ಪಿಗೆ ಇಲ್ಲದೆ ಅದನ್ನು ಬಳಸುವ ಹಾಗಿಲ್ಲ. ಬದಲಿಗೆ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೀವು ಬಿಚ್ಚಿ ಬರೆಯಬೇಕು. ಇದನ್ನು ನೋಡಿಕೊಳ್ಳುವುದು 1970ರ ಪೇಟೆಂಟ್ ಕಾಯ್ದೆ. ಮುಖ್ಯ ಕಚೇರಿ ಕೋಲ್ಕತ್ತದಲ್ಲಿದೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಆನ್‌ಲೈನ್‌ನಲ್ಲೇ ಸಲ್ಲಿಸಬಹುದು, ಚೆನ್ನೈಗೆ ಹೋಗಬೇಕಿಲ್ಲ. ಅರ್ಜಿ ಶುಲ್ಕ ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ಶಿಕ್ಷಣ ಸಂಸ್ಥೆಗಳಿಗೆ 1,600 ರೂಪಾಯಿ. ದೊಡ್ಡ ಕಂಪನಿಗಳಿಗೆ 8,000. ಶಿಕ್ಷಣ ಸಂಸ್ಥೆಗಳಿಗೆ ಈ ರಿಯಾಯಿತಿ ಬಂದದ್ದು 2021ರಲ್ಲಿ.

ಅರ್ಜಿ 18 ತಿಂಗಳಾದ ಮೇಲೆ ಪ್ರಕಟವಾಗುತ್ತದೆ. ಬೇಗ ಬೇಕೆಂದರೆ ಶುಲ್ಕ ಕಟ್ಟಿ ಮುಂಚೆಯೇ ಪ್ರಕಟ ಮಾಡಿಸಬಹುದು. ಇಲ್ಲೇ ಒಂದು ಗೊಂದಲ ಆಗುತ್ತದೆ. ‘ಪೇಟೆಂಟ್ ಪಬ್ಲಿಷ್ ಆಯ್ತು’ ಅಂದರೆ ಪೇಟೆಂಟ್ ಸಿಕ್ಕಿತು ಅಂತಲ್ಲ. ಆಗ ಅರ್ಜಿಯನ್ನು ಎಲ್ಲರೂ ಓದಬಹುದು, ಅಷ್ಟೇ. ಪರೀಕ್ಷೆ ಆಮೇಲೆ ನಡೆಯುತ್ತದೆ, ಅದೂ ನೀವು ಕೇಳಿಕೊಂಡರೆ ಮಾತ್ರ. ಫಾರ್ಮ್ 18ರಲ್ಲಿ ಕೋರಿಕೆ ಸಲ್ಲಿಸಬೇಕು. ಇದಕ್ಕೆ ಮೊದಲು 48 ತಿಂಗಳು ಸಮಯ ಇತ್ತು. 2024ರ ಮಾರ್ಚ್ 15ರಿಂದ ಹಾಕುವ ಅರ್ಜಿಗಳಿಗೆ 31 ತಿಂಗಳು ಮಾತ್ರ. ಬ್ಯಾನರ್ ಹಾಕಿ ಸನ್ಮಾನ ಮಾಡಿಸಿಕೊಂಡು ಈ ಕೋರಿಕೆ ಸಲ್ಲಿಸಲು ಮರೆತರೆ ಅರ್ಜಿ ಅಲ್ಲಿಗೇ ಮುಗಿಯಿತು.

ಪರೀಕ್ಷಕರು ಅರ್ಜಿ ಓದಿ, ಹಳೆಯ ದಾಖಲೆಗಳನ್ನು ಹುಡುಕಿ ಮೊದಲ ಪರೀಕ್ಷಾ ವರದಿ ಕೊಡುತ್ತಾರೆ. ಎಲ್ಲರ ಬಾಯಲ್ಲೂ ಇದು ಎಫ್‌ಇಆರ್. ಉತ್ತರಕ್ಕೆ 6 ತಿಂಗಳು ಸಮಯ. ಕೇಳಿಕೊಂಡರೆ ಇನ್ನೂ 3 ತಿಂಗಳು ಸಿಗುತ್ತದೆ. ಉತ್ತರ ಕೊಡದಿದ್ದರೆ ಅರ್ಜಿ ಕೈಬಿಟ್ಟ ಹಾಗೆ. ಕೊನೆಯ ತೀರ್ಮಾನ ಪೇಟೆಂಟ್ ಆಫೀಸಿನ ಅಧಿಕಾರಿಯಾದ ಕಂಟ್ರೋಲರ್ ಅವರದು, ತಿರಸ್ಕರಿಸುವ ಮುಂಚೆ ಅವರು ನಿಮ್ಮ ವಾದ ಕೇಳುತ್ತಾರೆ.

ಪರೀಕ್ಷಕರು ನೋಡುವುದು ಮುಖ್ಯವಾಗಿ ಇಷ್ಟು. ಇದು ಹೊಸದಾ? ಆ ಕೆಲಸ ಬಲ್ಲವರಿಗೆ ಸುಲಭವಾಗಿ ಹೊಳೆಯದಂಥದ್ದಾ? ಉದ್ಯಮಕ್ಕೆ ಉಪಯೋಗ ಇದೆಯಾ? ಜೊತೆಗೆ, ಕಾಯ್ದೆ ‘ಇದು ಬೇಡ’ ಎಂದು ಹೊರಗಿಟ್ಟ ಪಟ್ಟಿಯಲ್ಲಿ ಸೇರಿಲ್ಲ ತಾನೇ?

## ಸೆಕ್ಷನ್ 3(ಕೆ) ಹೇಳುವುದು ಏನು?

ಆ ಪಟ್ಟಿ ಇರುವುದು ಸೆಕ್ಷನ್ 3ರಲ್ಲಿ. ಅದರ (ಕೆ) ಭಾಗದಲ್ಲಿ ನಾಲ್ಕು ವಸ್ತುಗಳಿವೆ: ಗಣಿತದ ವಿಧಾನ, ವ್ಯಾಪಾರದ ವಿಧಾನ, ‘ತನ್ನಷ್ಟಕ್ಕೆ ತಾನೇ ಆದ’ ಕಂಪ್ಯೂಟರ್ ಪ್ರೋಗ್ರಾಂ, ಮತ್ತು ಆಲ್ಗಾರಿದಂ (ಲೆಕ್ಕ ಬಿಡಿಸುವ ಹಂತಗಳ ಕ್ರಮ). ಈಗಿನ ಈ ರೂಪ 2002ರ ತಿದ್ದುಪಡಿಯಲ್ಲಿ ಬಂತು. 2004ರಲ್ಲಿ ಒಂದು ಸುಗ್ರೀವಾಜ್ಞೆ ತಂದು ಸಾಫ್ಟ್‌ವೇರ್ ಕಡೆಯ ಬಾಗಿಲನ್ನು ಸ್ವಲ್ಪ ತೆರೆಯಲು ನೋಡಿದರು. 2005ರಲ್ಲಿ ಸಂಸತ್ತು ಅದನ್ನು ಉಳಿಸಿಕೊಳ್ಳಲಿಲ್ಲ.

‘ತನ್ನಷ್ಟಕ್ಕೆ ತಾನೇ’ ಎಂಬ ಮಾತು ಅಂಟಿಕೊಂಡಿರುವುದು ಕಂಪ್ಯೂಟರ್ ಪ್ರೋಗ್ರಾಂಗೆ ಮಾತ್ರ. ಅಂದರೆ ಬರೀ ಪ್ರೋಗ್ರಾಂ ಆದರೆ ಪೇಟೆಂಟ್ ಇಲ್ಲ. ಆ ಪ್ರೋಗ್ರಾಂನಿಂದ ಯಂತ್ರದಲ್ಲೋ ಜಾಲದಲ್ಲೋ ತಾಂತ್ರಿಕವಾದ ಒಳಿತು ಆದರೆ ದಾರಿ ಇದೆ. 2019ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಫರೀದ್ ಅಲ್ಲಾನಿ ಪ್ರಕರಣದಲ್ಲಿ ಇದನ್ನೇ ಹೇಳಿತು: ತಾಂತ್ರಿಕ ಪರಿಣಾಮ ಇದ್ದರೆ, ಕಂಪ್ಯೂಟರ್ ಪ್ರೋಗ್ರಾಂ ಆಧರಿಸಿದೆ ಎಂಬ ಒಂದೇ ಕಾರಣಕ್ಕೆ ಪೇಟೆಂಟ್ ನಿರಾಕರಿಸುವಂತಿಲ್ಲ.

ವ್ಯಾಪಾರದ ವಿಧಾನಕ್ಕೆ ಆ ರಿಯಾಯಿತಿ ಇಲ್ಲ. 2023ರ ಮೇ ತಿಂಗಳಲ್ಲಿ ಓಪನ್ ಟಿವಿ ಎಂಬ ಕಂಪನಿಯ ಪ್ರಕರಣದಲ್ಲಿ ಅದೇ ಹೈಕೋರ್ಟ್ ಹೇಳಿತು: ವ್ಯಾಪಾರದ ವಿಧಾನಕ್ಕೆ ಇರುವ ನಿಷೇಧ ಪೂರ್ತಿ ನಿಷೇಧ. ಅಲ್ಲಿ ಇದ್ದದ್ದು ಡಿಜಿಟಲ್ ಮನರಂಜನೆಯನ್ನು ಇನ್ನೊಬ್ಬರಿಗೆ ಉಡುಗೊರೆಯಾಗಿ ಕೊಡುವ ವ್ಯವಸ್ಥೆ. ಜಾಲ, ಸರ್ವರ್ ಎಲ್ಲ ಇದ್ದವು. ಆದರೂ ತಿರುಳು ವ್ಯಾಪಾರದ್ದೇ ಎಂದು ಕೋರ್ಟು ಕಂಡಿತು.

ಪರೀಕ್ಷಕರು ಅನುಸರಿಸುವ ಮಾರ್ಗಸೂಚಿಗಳೂ ಹಲವು ಸಲ ಬದಲಾಗಿವೆ. 2015ರಲ್ಲಿ ಬಂದದ್ದನ್ನು ಕೆಲವೇ ತಿಂಗಳಲ್ಲಿ ತಡೆಹಿಡಿದರು. 2016ರದ್ದು ಹೊಸ ಹಾರ್ಡ್‌ವೇರ್ ಇರಲೇಬೇಕು ಎನ್ನುವಂತಿತ್ತು. 2017ರಲ್ಲಿ ಆ ಷರತ್ತು ಹೋಯಿತು. 2025ರ ಜುಲೈನಲ್ಲಿ ಮತ್ತೆ ಪರಿಷ್ಕರಣೆ ಆಯಿತು. ಹಾಗಾಗಿ ಯಾವುದೋ ಹಳೆಯ ನೋಟ್ಸ್ ನೋಡಿಕೊಂಡು ಉತ್ತರ ಬರೆಯಬೇಡಿ.

ಬಿಲ್ಲಿಂಗ್ ಅರ್ಜಿಗೆ ಎರಡು ಏಟು ಬೀಳುವುದು ಇದಕ್ಕೇ. ಸಾಫ್ಟ್‌ವೇರ್ ಅನ್ನೋದು ಒಂದು, ವ್ಯಾಪಾರ ಅನ್ನೋದು ಇನ್ನೊಂದು. ಎರಡನೆಯದೇ ಗಟ್ಟಿ ಏಟು.

## ಒಂದೇ ಕೆಲಸ, ಎರಡು ಕ್ಲೇಮ್

ಪೇಟೆಂಟ್ ಅರ್ಜಿಯ ಕೊನೆಯಲ್ಲಿ ‘ಇಷ್ಟು ನನ್ನದು’ ಎಂದು ಗಡಿ ಹಾಕುವ ವಾಕ್ಯಗಳಿರುತ್ತವೆ. ಅವೇ ಕ್ಲೇಮ್. ಪರೀಕ್ಷಕರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಆಂಬುಲೆನ್ಸ್ ಉದಾಹರಣೆಗೇ ಎರಡು ಕ್ಲೇಮ್ ಬರೆದು ನೋಡೋಣ.

ಮೊದಲನೆಯದು: ‘ಎಡ್ಜ್ ಸರ್ವರ್ ಬಳಸಿದ ಹೊತ್ತನ್ನು ಲೆಕ್ಕ ಹಾಕಿ, ಜನದಟ್ಟಣೆ ಇರುವಾಗ ಹೆಚ್ಚು ದರ, ಇಲ್ಲದಾಗ ಕಡಿಮೆ ದರ ವಿಧಿಸಿ, ಬಂದ ಹಣವನ್ನು ಮೊಬೈಲ್ ಕಂಪನಿ ಮತ್ತು ಸರ್ವರ್ ಮಾಲೀಕರ ನಡುವೆ ಹಂಚುವ ವಿಧಾನ.’

ಇದರಲ್ಲಿ ಎಡ್ಜ್ ಎಂಬ ಪದ ತೆಗೆದು ಬೇರೆ ಯಾವ ಸೇವೆಯ ಹೆಸರು ಹಾಕಿದರೂ ವಾಕ್ಯ ನಿಲ್ಲುತ್ತದೆ. ದರ ಎಷ್ಟು, ಯಾರಿಗೆ ಎಷ್ಟು ಪಾಲು ಅನ್ನೋದು ವ್ಯಾಪಾರದ ತೀರ್ಮಾನ. ಎಷ್ಟೇ ಜಾಣತನದ್ದಾದರೂ 3(ಕೆ) ಕೆಳಗೆ ಬರುತ್ತದೆ.

ಎರಡನೆಯದು: ‘ಒಂದು ಎಡ್ಜ್ ಸರ್ವರಿನಿಂದ ಇನ್ನೊಂದಕ್ಕೆ ಕೆಲಸ ಸಾಗುವಾಗ, ಮೊದಲನೆಯದು ತನ್ನಲ್ಲಿ ಉಳಿದ ಕೋಟಾ ಮತ್ತು ಕೊನೆಯ ಎಣಿಕೆಯ ಕ್ರಮಸಂಖ್ಯೆಯನ್ನು ಸಾಗುವ ಸಂದೇಶದಲ್ಲೇ ಸೇರಿಸಿ ಕಳಿಸುತ್ತದೆ, ಎರಡನೆಯದು ಆ ಕ್ರಮಸಂಖ್ಯೆಯಿಂದ ಮುಂದಕ್ಕೆ ಎಣಿಸುತ್ತದೆ, ಎರಡೂ ಓಡುವ ಹೊತ್ತಿನಲ್ಲಿ ಒಂದೇ ಕ್ರಮಸಂಖ್ಯೆಯ ದಾಖಲೆ ಎರಡು ಬಂದರೆ ಚಾರ್ಜಿಂಗ್ ಫಂಕ್ಷನ್ ಒಂದನ್ನು ಬಿಟ್ಟುಬಿಡುತ್ತದೆ.’

ಇಲ್ಲಿ ದರದ ಮಾತೇ ಇಲ್ಲ. ಯಾವ ಯಂತ್ರ ಯಾವುದಕ್ಕೆ ಏನು ಕಳಿಸುತ್ತದೆ, ಅದರಿಂದ ಜಾಲದಲ್ಲಿ ಯಾವ ತೊಂದರೆ ತಪ್ಪುತ್ತದೆ ಅನ್ನೋದು ಕಾಣುತ್ತದೆ. ಮುಖ್ಯ ಜಾಲಕ್ಕೆ ಹೋಗಿಬರುವ ಒಂದು ಸುತ್ತು ಉಳಿಯಿತು, ಸೇವೆ ನಡುವೆ ನಿಲ್ಲಲಿಲ್ಲ, ಎರಡು ಎಣಿಕೆ ಒಂದಾಯಿತು. ಇದಕ್ಕೆ ಪೇಟೆಂಟ್ ಸಿಕ್ಕೇಬಿಡುತ್ತದೆ ಅಂತಲ್ಲ. ಹೊಸದೋ ಅಲ್ಲವೋ ಎಂಬ ಪರೀಕ್ಷೆ ಇನ್ನೂ ಬಾಕಿ ಇದೆ. ಆದರೆ ಪರೀಕ್ಷಕರ ಎದುರು ನಿಂತು ವಾದ ಮಾಡಲು ಇದರಲ್ಲಿ ವಸ್ತು ಇದೆ. ಕ್ಲೇಮಿನಲ್ಲಿ ‘ಸರ್ವರ್’, ‘ಪ್ರೊಸೆಸರ್’ ಎಂದು ಸುಮ್ನೆ ಸೇರಿಸಿದರೆ ಈ ಬಲ ಬರುವುದಿಲ್ಲ.

## ಹೊರಗಿನ ಎರಡು ತೀರ್ಪು

ಇದೇ ಪ್ರಶ್ನೆ ಬೇರೆ ದೇಶಗಳಲ್ಲೂ ಎದ್ದಿದೆ. ಅದೂ ಮೊಬೈಲ್ ಬಿಲ್ಲಿಂಗ್ ವಿಷಯದಲ್ಲೇ. ಆ ತೀರ್ಪುಗಳು ನಮ್ಮ ಕಚೇರಿಯನ್ನು ಕಟ್ಟಿಹಾಕುವುದಿಲ್ಲ. ಆದರೂ ತರ್ಕ ತಿಳಿಯಲು ಅವನ್ನು ನೋಡಲೇಬೇಕು.

ಯುರೋಪಿನ ಕಾಂವಿಕ್ ಪ್ರಕರಣ 2002ರದ್ದು. ಒಂದೇ ಸಿಮ್ ಕಾರ್ಡಿನಲ್ಲಿ ಎರಡು ಗುರುತು. ಬಳಸುವವರು ಒಂದನ್ನು ಆಯ್ದುಕೊಂಡರೆ ಆಫೀಸಿನ ಕರೆಯ ಖರ್ಚು ಬೇರೆ, ಸ್ವಂತ ಕರೆಯ ಖರ್ಚು ಬೇರೆ ಆಗುತ್ತದೆ. ಯುರೋಪಿಯನ್ ಪೇಟೆಂಟ್ ಕಚೇರಿಯ ಮೇಲ್ಮನವಿ ಮಂಡಳಿ ಹೇಳಿದ್ದು ಇಷ್ಟು: ಖರ್ಚು ಹಂಚಬೇಕು ಎಂಬುದು ತಾಂತ್ರಿಕ ಗುರಿಯಲ್ಲ, ಅದನ್ನು ಲೆಕ್ಕದಿಂದ ಬಿಡಿ, ಉಳಿದ ತಾಂತ್ರಿಕ ಭಾಗದಲ್ಲಿ ಜಾಣ್ಮೆ ಇದೆಯಾ ನೋಡಿ. ನೋಡಿದಾಗ ಅದು ಬಲ್ಲವರಿಗೆ ಹೊಳೆಯುವಂಥದ್ದೇ ಆಗಿತ್ತು. ಪೇಟೆಂಟ್ ಉಳಿಯಲಿಲ್ಲ. ಆದರೆ ತಾಂತ್ರಿಕವಲ್ಲದ್ದನ್ನು ಬದಿಗಿಟ್ಟು ಉಳಿದದ್ದನ್ನು ತೂಗುವ ಈ ರೀತಿ ಅಲ್ಲಿ ಇವತ್ತಿಗೂ ನಡೆಯುತ್ತಿದೆ.

ಅಮೆರಿಕದಲ್ಲಿ ಆಮ್‌ಡಾಕ್ಸ್ ಮತ್ತು ಓಪನೆಟ್ ಎಂಬ ಕಂಪನಿಗಳ ನಡುವೆ ನಡೆದ ಪ್ರಕರಣ 2016ರದ್ದು. ಜಾಲದ ಬಳಕೆಯ ದಾಖಲೆಗಳನ್ನೆಲ್ಲ ಒಂದೇ ಕಡೆ ತಂದು ಸುರಿದರೆ ಅಲ್ಲಿ ಕಟ್ಟಿಕೊಳ್ಳುತ್ತದೆ. ಅದರ ಬದಲು ದಾಖಲೆ ಹುಟ್ಟುವ ಜಾಗದ ಹತ್ತಿರವೇ ಅವನ್ನು ಸೇರಿಸಿ, ಬಿಲ್ಲಿಂಗ್‌ಗೆ ಬೇಕಾದ ವಿವರ ತುಂಬಿ ಸಿದ್ಧ ಮಾಡುವುದು ಆಮ್‌ಡಾಕ್ಸ್ ಪೇಟೆಂಟುಗಳ ಸಾರ. ಮೇಲ್ಮನವಿ ನ್ಯಾಯಾಲಯದ ಮೂವರಲ್ಲಿ ಇಬ್ಬರು ನ್ಯಾಯಾಧೀಶರು ಇದು ಪೇಟೆಂಟಿಗೆ ಅರ್ಹ ಎಂದರು, ಒಬ್ಬರು ಒಪ್ಪಲಿಲ್ಲ. ಉದ್ದೇಶ ಬಿಲ್ಲೇ ಆದರೂ ಬಿಡಿಸಿದ್ದು ಜಾಲದ ದಟ್ಟಣೆಯನ್ನು. ಎಡ್ಜ್ ವಿಷಯದಲ್ಲಿ ಕೆಲಸ ಮಾಡುವವರು ಈ ತೀರ್ಪನ್ನು ಕೂತು ಓದಬೇಕು. ಅಲ್ಲಿ ಒಪ್ಪದ ನ್ಯಾಯಾಧೀಶರ ವಾದವನ್ನೂ ಓದಬೇಕು, ನಿಮ್ಮ ಪರೀಕ್ಷಕರು ಎತ್ತುವ ಆಕ್ಷೇಪಣೆಯೂ ಆ ಜಾಡಿನದೇ ಇರಬಹುದು.

## ಹೊಸದು ಹೌದಾ ಎಂಬ ಪರೀಕ್ಷೆ

3(ಕೆ) ದಾಟಿದ ಅರ್ಜಿ ಮುಗ್ಗರಿಸುವುದು ಇಲ್ಲಿ. ಪರೀಕ್ಷಕರು ಹಳೆಯ ಪೇಟೆಂಟುಗಳನ್ನು ವರ್ಗೀಕರಣ ಸಂಖ್ಯೆ ಹಿಡಿದು ಹುಡುಕುತ್ತಾರೆ. ದೂರಸಂಪರ್ಕದ ಬಿಲ್ಲಿಂಗ್ ಇರುವುದು ಹೆಚ್ಚಾಗಿ ಎಚ್04ಎಂ 15, ಎಚ್04ಎಲ್ 12/14 ಮತ್ತು ಎಚ್04ಡಬ್ಲ್ಯು 4/24 ಎಂಬ ಗುಂಪುಗಳಲ್ಲಿ. ವ್ಯಾಪಾರದ ವಿಧಾನಗಳ ಗುಂಪು ಜಿ06ಕ್ಯು. ನಿಮ್ಮ ಅರ್ಜಿಗೆ ಜಿ06ಕ್ಯು ಒಂದೇ ಬಿದ್ದಿದ್ದರೆ, ಬರೆದ ರೀತಿಯಲ್ಲೇ ಜಾಲದ ಕೆಲಸ ಕಾಣಿಸಿಲ್ಲ ಎಂದು ತಿಳಿಯಬಹುದು.

ಪೇಟೆಂಟ್ ಮಾತ್ರ ಅಲ್ಲ, ಮುಂಚೆ ಪ್ರಕಟವಾದ ಏನೇ ಇದ್ದರೂ ಅದು ಹಳೆಯದೇ. 3ಜಿಪಿಪಿಯ ದಾಖಲೆಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಟಿಎಸ್ 32.257 ಓದದೆ ಎಡ್ಜ್ ಬಿಲ್ಲಿಂಗ್ ಅರ್ಜಿ ಬರೆಯುವುದು ಬೇಡ. ನೀವು ತಿಂಗಳುಗಟ್ಟಲೆ ಕೂತು ಮಾಡಿದ್ದು ಅದರಲ್ಲಿ ಆಗಲೇ ಇರಬಹುದು.

ನಿಮ್ಮದೇ ಪೋಸ್ಟರ್ ಕೂಡ ನಿಮಗೆ ಅಡ್ಡ ಬರಬಹುದು. ಕಾಲೇಜಿನ ಟೆಕ್ ಫೆಸ್ಟ್‌ನಲ್ಲಿ ಎಲ್ಲ ವಿವರಿಸಿ, ಯೂಟ್ಯೂಬಿಗೆ ಹಾಕಿ, ಆಮೇಲೆ ಅರ್ಜಿ ಹಾಕಿದರೆ ಅದು ಹೊಸದಲ್ಲ ಎನ್ನಬಹುದು. ನಮ್ಮ ಕಾಯ್ದೆಯಲ್ಲಿ 12 ತಿಂಗಳ ವಿನಾಯಿತಿ ಇದೆ. ಆದರೆ ಅದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನ, ವಿದ್ವತ್ ಸಭೆಯಲ್ಲಿ ಓದಿದ ಪ್ರಬಂಧ, ಇಂಥ ಕೆಲವಕ್ಕೆ ಮಾತ್ರ. ಪೂರ್ತಿ ಸಿದ್ಧವಾಗಿಲ್ಲದಿದ್ದರೆ ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿ. ಪೂರ್ತಿ ವಿವರಣೆಗೆ ಅಲ್ಲಿಂದ 12 ತಿಂಗಳು ಸಮಯ ಸಿಗುತ್ತದೆ.

## ಎಫ್‌ಇಆರ್ ಬಂದಾಗ

ಉತ್ತರ ಕೊಡುವಾಗ ಕ್ಲೇಮ್ ತಿದ್ದಬಹುದು. ಆದರೆ ಮೊದಲ ದಿನ ಸಲ್ಲಿಸಿದ ವಿವರಣೆಯಲ್ಲಿ ಇಲ್ಲದ್ದನ್ನು ಈಗ ಸೇರಿಸುವಂತಿಲ್ಲ. ಸೆಕ್ಷನ್ 59 ಇದನ್ನು ಕಟ್ಟುನಿಟ್ಟಾಗಿ ಹೇಳುತ್ತದೆ. ಮೇಲಿನ ಎರಡನೆಯ ಕ್ಲೇಮಿನ ಕ್ರಮಸಂಖ್ಯೆ, ಉಳಿದ ಕೋಟಾ, ಬಿಟ್ಟುಬಿಡುವ ದಾಖಲೆ, ಇವು ಮೂಲ ವಿವರಣೆಯಲ್ಲಿ ಎಲ್ಲಾದರೂ ಇದ್ದರೆ ಮೊದಲನೆಯ ಕ್ಲೇಮನ್ನು ಬಿಟ್ಟು ಅದಕ್ಕೆ ಬರಬಹುದು. ಇಲ್ಲದಿದ್ದರೆ ಎಷ್ಟು ದೊಡ್ಡ ಪೇಟೆಂಟ್ ಏಜೆಂಟ್ ಇಟ್ಟರೂ ಕಷ್ಟ. ಅದಕ್ಕೇ ಬರೆಯುವ ದಿನವೇ ಸಂದೇಶದ ಚಿತ್ರ, ಯಾವ ಯಂತ್ರ ಮೊದಲು ಯಾವುದು ಆಮೇಲೆ ಎಂಬ ಕ್ರಮ, ಕೇಬಲ್ ತುಂಡಾದರೆ ಏನಾಗುತ್ತದೆ ಎಂಬುದು, ಅಳೆದು ನೋಡಿದ ಅಂಕಿಗಳು, ಎಲ್ಲವನ್ನೂ ಹಾಕಿ. ಪುಟ ಜಾಸ್ತಿ ಆದರೆ ಆಗಲಿ. 30 ಪುಟದವರೆಗೆ ಹೆಚ್ಚುವರಿ ಶುಲ್ಕವೂ ಇಲ್ಲ.

ಬೇರೆಯವರು ಇದೇ ಆಕ್ಷೇಪಣೆಗೆ ಏನು ಉತ್ತರ ಕೊಟ್ಟರು ಎಂಬುದನ್ನೂ ನೋಡಬಹುದು. ಪೇಟೆಂಟ್ ಕಚೇರಿಯ ಇನ್‌ಪಾಸ್ ಎಂಬ ಹುಡುಕು ತಾಣ ಉಚಿತ. ಅಲ್ಲಿ ಎಚ್04ಎಂ 15 ಎಂದು ಹಾಕಿ, ಸಿಕ್ಕ ಅರ್ಜಿಗಳಲ್ಲಿ ಪರೀಕ್ಷೆ ಮುಗಿದಿರುವ ಒಂದನ್ನು ತೆರೆಯಿರಿ. ಎಫ್‌ಇಆರ್, ಅದಕ್ಕೆ ಕೊಟ್ಟ ಉತ್ತರ, ಕಂಟ್ರೋಲರ್ ಆದೇಶ ಅಲ್ಲೇ ಸಿಗುತ್ತವೆ. ಮೊದಲು ಸಲ್ಲಿಸಿದ ಕ್ಲೇಮ್ ಒಂದು ಕಡೆ, ಕೊನೆಗೆ ಉಳಿದ ಕ್ಲೇಮ್ ಇನ್ನೊಂದು ಕಡೆ ಇಟ್ಟುಕೊಂಡು ಯಾವ ಪದ ಹೋಯಿತು, ಯಾವುದು ಬಂತು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಅನುಮತಿ ಸಿಕ್ಕ ಒಂದು, ತಿರಸ್ಕಾರವಾದ ಒಂದು, ಎರಡನ್ನೂ ಹೀಗೆ ಓದಿ. ಆಮೇಲೆ ನಿಮ್ಮ ವರದಿಯ 3(ಕೆ) ಸಾಲಿಗೆ ಉತ್ತರ ಬರೆಯಲು ಕೂತುಕೊಳ್ಳಿ.